ಮೂರನೇ ಎಂಜಿನ್ ಎಲ್ಲಿಟ್ಟರು ಎನ್ನುವುದೇ ಮುಖ್ಯ: ಟ್ರೈಸ್ಟಾರ್, ಡಿಸಿ-10, ಎಂಡಿ-11 ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡೋಣ. ಯಂತ್ರವಾಗಿ ನೋಡಿದರೆ ಲಾಕ್‌ಹೀಡ್ ಎಲ್-1011 ಟ್ರೈಸ್ಟಾರ್ ಮೇಲು. ಮಾರಾಟದಲ್ಲಿ ಗೆದ್ದದ್ದು ಮೆಕ್‌ಡೊನೆಲ್ ಡಗ್ಲಸ್ ಡಿಸಿ-10. ಆ ಡಿಸಿ-10ನ್ನೇ ಉದ್ದ ಮಾಡಿ, ಎಲೆಕ್ಟ್ರಾನಿಕ್ಸ್ ತುಂಬಿ ಹೊರತಂದ ಎಂಡಿ-11 ಸರಕು ಹೊರುವುದಕ್ಕೆ ಗಟ್ಟಿಗ, ಇಳಿಸುವುದಕ್ಕೆ ತಕರಾರಿನದು. ಮೂರೂ ವಿಮಾನಗಳು ದೂರದಿಂದ ಒಂದೇ ಜಾತಿಯವು: ರೆಕ್ಕೆಯಡಿ ಎರಡು ಎಂಜಿನ್, ಬಾಲದಲ್ಲಿ ಒಂದು, ಒಳಗೆ ಎರಡು ಓಣಿ. ಹತ್ತಿರ ಹೋದರೆ ಇವುಗಳ ಹಿಂದಿನ ಯೋಚನೆಯೇ ಬೇರೆ ಬೇರೆ.

ಮೂರು ಎಂಜಿನ್ ಯಾಕೆ ಬೇಕಾಯಿತು? 1966ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಎಂಜಿನಿಯರ್ ಫ್ರಾಂಕ್ ಕೋಲ್ಕ್ ಕೇಳಿದ್ದು ಎರಡೇ ಎಂಜಿನ್ನಿನ, ಸುಮಾರು 250 ಜನ ಕೂರುವ ವಿಮಾನ. ಆದರೆ ಆಗಿನ ಅಮೆರಿಕದ ನಿಯಮದಂತೆ ಎರಡು ಎಂಜಿನ್ನಿನ ವಿಮಾನ ತುರ್ತಾಗಿ ಇಳಿಯಬಹುದಾದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವಂತಿರಲಿಲ್ಲ. ಕಡಲ ಮೇಲೆ ಹಾರಬೇಕಿದ್ದ ಬೇರೆ ಕಂಪನಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಜೊತೆಗೆ ಡೆನ್ವರ್‌ನಂಥ ಎತ್ತರದ ಊರಿನಲ್ಲಿ, ಬೇಸಗೆಯ ತೆಳು ಗಾಳಿಯಲ್ಲಿ, ಒಂದು ಎಂಜಿನ್ ಕೈಕೊಟ್ಟರೆ ಉಳಿದ ಒಂದೇ ಎಂಜಿನ್ ಅಷ್ಟು ತೂಕ ಎತ್ತಬೇಕಾಗುತ್ತಿತ್ತು. ಅದಕ್ಕೆ ಸಾಕಾಗುವಷ್ಟು ದೊಡ್ಡ ಎಂಜಿನ್ ಆಗ ಇರಲಿಲ್ಲ. ನಾಲ್ಕಾದರೆ ಖರ್ಚು ಜಾಸ್ತಿ. ಮೂರು ಉಳಿಯಿತು. ಒಂದೇ ಬೇಡಿಕೆಗೆ ಎರಡು ಕಂಪನಿಗಳು ಒಂದೇ ಗಾತ್ರದ ವಿಮಾನ ಕಟ್ಟಿದ್ದು ಮಾತ್ರ ವ್ಯಾಪಾರದ ಹುಚ್ಚು. ಡಿಸಿ-10 1970ರ ಆಗಸ್ಟ್ 29ರಂದು ಮೊದಲು ಹಾರಿತು, ಟ್ರೈಸ್ಟಾರ್ ಅದೇ ವರ್ಷದ ನವೆಂಬರ್ 16ರಂದು.

ರೆಕ್ಕೆಯಡಿಯ ಎಂಜಿನ್‌ಗಳಲ್ಲಿ ಹೇಳುವಂಥ ಹೊಸತೇನಿಲ್ಲ. ವಿಷಯ ಇರುವುದು ಬಾಲದಲ್ಲಿ. ಲಾಕ್‌ಹೀಡ್‌ನವರು ಮಧ್ಯದ ಎಂಜಿನ್ನನ್ನು ಒಡಲಿನ ತುದಿಯೊಳಗೇ ಕೂರಿಸಿ, ಗಾಳಿಯ ಬಾಯಿಯನ್ನು ಮಾತ್ರ ಮೇಲೆ, ಬಾಲದಲ್ಲಿ ನೆಟ್ಟಗೆ ನಿಲ್ಲುವ ಫಲಕವಾದ ಫಿನ್‌ನ ಮುಂದೆ ಇಟ್ಟರು. ಗಾಳಿ ಎಸ್ ಆಕಾರದ ಕೊಳವೆಯಲ್ಲಿ ಬಾಗಿ ಇಳಿದು ಎಂಜಿನ್ನಿಗೆ ಹೋಗುತ್ತದೆ. ಇದರಿಂದ ಸಿಕ್ಕ ಲಾಭ ಹಲವು. ಎಂಜಿನ್ ತಗ್ಗಿನಲ್ಲಿರುವುದರಿಂದ ಕಳಚಿ ಕೆಳಗಿಳಿಸುವುದು ಸಲೀಸು. ಫಿನ್ ಪೂರ್ತಿ ಎತ್ತರಕ್ಕೆ ನಿಲ್ಲುವುದರಿಂದ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಫಲಕ) ದೊಡ್ಡದು. ಎಂಜಿನ್ನಿನ ನೂಕು ವಿಮಾನದ ನಡುಗೆರೆಗೆ ಹತ್ತಿರ ಇರುವುದರಿಂದ ಥ್ರಾಟಲ್ (ಎಂಜಿನ್ನಿನ ಬಲದ ಹಿಡಿ) ಏರಿಸಿದಾಗ ಮೂಗು ಕೆಳಗೆ ತಗ್ಗುವ ಚಾಳಿ ಕಡಿಮೆ. ನಷ್ಟ ಏನೆಂದರೆ, ಬಾಗಿದ ಕೊಳವೆಯಲ್ಲಿ ಗಾಳಿಯ ಒತ್ತಡ ಒಂದಿಷ್ಟು ಸೋರಿಹೋಗುತ್ತದೆ, ಮತ್ತು ಕೊಳವೆಯ ಉದ್ದ ಒಂದೇ ಎಂಜಿನ್ನಿಗೆ ಅಳತೆ ಮಾಡಿ ಹೊಲಿದ ಅಂಗಿಯಂತೆ. ರೋಲ್ಸ್ ರಾಯ್ಸ್ ಆರ್‌ಬಿ211 ಮೂರು ಶಾಫ್ಟಿನ, ಗಿಡ್ಡ ಎಂಜಿನ್. ಅದಕ್ಕೆ ತಕ್ಕಂತೆ ಬಾಲ ಕಟ್ಟಿದ ಮೇಲೆ ಬೇರೆಯವರ ಉದ್ದದ ಎಂಜಿನ್ ಅಲ್ಲಿ ಹಿಡಿಸುತ್ತಿರಲಿಲ್ಲ. ಮುಂದೆ ಲಾಕ್‌ಹೀಡ್‌ನ ಕುತ್ತಿಗೆಗೆ ಬಂದದ್ದು ಇದೇ.

ಡಗ್ಲಸ್‌ನವರು ನೇರ ದಾರಿ ಹಿಡಿದರು. ಎಂಜಿನ್ನನ್ನು ಒಡಲಿನ ಮೇಲೆ, ಫಿನ್‌ನ ಬುಡದಲ್ಲೇ ತೂರಿಸಿದರು. ಗಾಳಿ ಮುಂದಿನಿಂದ ಹೊಕ್ಕು ನೇರ ಹಿಂದಕ್ಕೆ ಹೋಗುತ್ತದೆ, ಒತ್ತಡ ನಷ್ಟವಾಗುವುದಿಲ್ಲ. ಬೇರೆ ಎಂಜಿನ್ ಕೂರಿಸುವುದೂ ಸುಲಭ. ಅದಕ್ಕೇ ಡಿಸಿ-10ರಲ್ಲಿ ಜನರಲ್ ಎಲೆಕ್ಟ್ರಿಕ್ ಸಿಎಫ್6 ಇರುವುದೂ ಇದೆ, ನಾರ್ತ್‌ವೆಸ್ಟ್ ಮತ್ತು ಜಪಾನ್ ಏರ್‌ಲೈನ್ಸ್ ಕೊಂಡ 40ನೇ ಸರಣಿಯಲ್ಲಿ ಪ್ರಾಟ್ ಅಂಡ್ ವಿಟ್ನಿ ಇರುವುದೂ ಇದೆ. ಆದರೆ ಫಿನ್‌ನ ಭಾರ ಹೊರುವ ಸ್ಪಾರ್‌ಗಳು ಈಗ ಕೊಳವೆಯನ್ನು ಸುತ್ತಿ ಹೋಗಬೇಕು. ಅದಕ್ಕೆ ಬ್ಯಾಂಜೊ ಎಂದು ಕರೆಯುವ, ನಡುವೆ ದೊಡ್ಡ ತೂತಿನ ದಪ್ಪ ಲೋಹದ ಚೌಕಟ್ಟುಗಳು ಬೇಕಾದವು. ಅವು ಭಾರ. ಎಂಜಿನ್ ನೆಲದಿಂದ ಸುಮಾರು 9 ಮೀಟರ್ ಎತ್ತರದಲ್ಲಿ ಕೂತಿದ್ದರಿಂದ ಅದರ ಕೆಲಸಕ್ಕೆ ಎತ್ತರದ ಅಟ್ಟಣಿಗೆಯೇ ಬೇಕು. ಫಿನ್‌ನ ಉಳಿದ ಭಾಗ ಗಿಡ್ಡವಾದ್ದರಿಂದ ರಡ್ಡರ್‌ಗೆ ಎರಡು ಮಡಿಕೆಯ ಕೀಲು ಕೊಟ್ಟು ಶಕ್ತಿ ಸರಿದೂಗಿಸಬೇಕಾಯಿತು.

ಹಳೆಯ ಫೋಟೊ ಕೈಗೆ ಸಿಕ್ಕಾಗ ಗುರುತು ಹಿಡಿಯುವುದು ಹೀಗೆ. ಬಾಲದ ಎಂಜಿನ್ನಿನ ಬಾಯಿ ಮೇಲಿದ್ದು ಹೊಗೆ ಬಿಡುವ ಕೊಳವೆ ಒಡಲಿನ ತುದಿಯಲ್ಲಿದ್ದರೆ ಟ್ರೈಸ್ಟಾರ್. ಇಡೀ ಎಂಜಿನ್ ಉದ್ದ ಕೊಳವೆಯಾಗಿ ಫಿನ್‌ನ ಬುಡವನ್ನು ಸೀಳಿಕೊಂಡು ಹಿಂದಕ್ಕೂ ಚಾಚಿದ್ದರೆ ಡಿಸಿ-10. ಅದರ ಜೊತೆಗೆ ರೆಕ್ಕೆಯ ತುದಿ ಮೇಲಕ್ಕೆ ಮಡಚಿ ನಿಂತಿದ್ದರೆ ಎಂಡಿ-11. ಡಿಸಿ-10ರಲ್ಲೇ ಹೊಟ್ಟೆಯ ನಡುವೆ ಹೆಚ್ಚುವರಿ ಎರಡು ಚಕ್ರ ಕಂಡರೆ ಅದು ದೂರ ಹಾರುವ 30 ಅಥವಾ 40ನೇ ಸರಣಿ. ಇಲ್ಲದಿದ್ದರೆ ಹೆಚ್ಚಾಗಿ ಒಳನಾಡಿನ 10ನೇ ಸರಣಿ.

ಇನ್ನು ಹೈಡ್ರಾಲಿಕ್ಸ್. ಇಷ್ಟು ದೊಡ್ಡ ವಿಮಾನದ ರೆಕ್ಕೆ, ಬಾಲದ ಫಲಕಗಳನ್ನು ಪೈಲಟ್‌ನ ತೋಳಬಲ ಕದಲಿಸಲಾರದು. ಎಲ್ಲವೂ ಎಣ್ಣೆಯ ಒತ್ತಡದಿಂದಲೇ ಆಗಬೇಕು. ಡಿಸಿ-10ರಲ್ಲಿ ಮೂರು ಪ್ರತ್ಯೇಕ ವ್ಯವಸ್ಥೆ, ಟ್ರೈಸ್ಟಾರ್‌ನಲ್ಲಿ ನಾಲ್ಕು. ಕಾಗದದ ಮೇಲೆ ಮೂರು ಧಾರಾಳ ಸಾಕು. ಮೂರೂ ಒಟ್ಟಿಗೆ ಹೋಗುವ ಸಂಭವ ಲೆಕ್ಕಕ್ಕೇ ಬಾರದಷ್ಟು ಸಣ್ಣದು ಎಂದು ಆಗ ಎಣಿಸಿದ್ದರು. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ಹಾರಾಟದಲ್ಲಿದ್ದ ಡಿಸಿ-10ರ ಬಾಲದ ಎಂಜಿನ್ನಿನ ಮುಂದಿನ ದೊಡ್ಡ ಫ್ಯಾನ್ ಡಿಸ್ಕ್ ಒಡೆಯಿತು. ಟೈಟಾನಿಯಂ ಎರಕ ಹೊಯ್ಯುವಾಗಲೇ ಒಳಗೆ ಉಳಿದಿದ್ದ ಸಣ್ಣ ಕಲ್ಮಷ ವರ್ಷಗಟ್ಟಲೆ ಬಿರುಕಾಗಿ ಬೆಳೆದಿತ್ತು. ಚೂರುಗಳು ಬಾಲದೊಳಗೆ ಅಕ್ಕಪಕ್ಕ ಸಾಗಿದ್ದ ಮೂರೂ ವ್ಯವಸ್ಥೆಗಳ ಪೈಪುಗಳನ್ನು ಕತ್ತರಿಸಿದವು. ಕ್ಯಾಪ್ಟನ್ ಆಲ್ ಹೇನ್ಸ್ ತಂಡ, ಪ್ರಯಾಣಿಕನಾಗಿ ಬಂದಿದ್ದ ತರಬೇತುದಾರ ಪೈಲಟ್ ಡೆನ್ನಿ ಫಿಚ್ ನೆರವಿನಿಂದ, ಉಳಿದೆರಡು ಎಂಜಿನ್‌ಗಳ ಥ್ರಾಟಲ್ ಹಿಂದೆ ಮುಂದೆ ಮಾಡುತ್ತಲೇ ವಿಮಾನವನ್ನು ಸೂ ಸಿಟಿ ರನ್‌ವೇವರೆಗೆ ತಂದಿತು. 296 ಜನರಲ್ಲಿ 184 ಮಂದಿ ಬದುಕಿದರು.

ಇದಕ್ಕೆ ಎಂಟು ವರ್ಷ ಮೊದಲು, 1981ರ ಸೆಪ್ಟೆಂಬರ್ 22ರಂದು, ಈಸ್ಟರ್ನ್ 935ರಲ್ಲಿ ಹೆಚ್ಚುಕಡಿಮೆ ಇದೇ ಆಗಿತ್ತು. ಟ್ರೈಸ್ಟಾರ್‌ನ ಬಾಲದ ಎಂಜಿನ್ನಿನ ಫ್ಯಾನ್ ಕಿತ್ತುಕೊಂಡು ಹೋಯಿತು, ನಾಲ್ಕರಲ್ಲಿ ಮೂರು ಹೈಡ್ರಾಲಿಕ್ ವ್ಯವಸ್ಥೆ ಬರಿದಾದವು. ನಾಲ್ಕನೆಯದು ಉಳಿಯಿತು. ವಿಮಾನ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ ಎಲ್ಲರನ್ನೂ ಕ್ಷೇಮವಾಗಿ ಇಳಿಸಿತು. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಟ್ರೈಸ್ಟಾರ್ ಮೇಲು ಎನ್ನುವುದಕ್ಕೆ ಬೇರೆ ವಾದ ಬೇಕಾಗುವುದಿಲ್ಲ. ಡಿಸಿ-10ಕ್ಕೆ 232ರ ನಂತರವಷ್ಟೇ, ಬಾಲದಲ್ಲಿ ಪೈಪು ತುಂಡಾದರೆ ಎಣ್ಣೆ ಪೂರ್ತಿ ಸೋರಿಹೋಗದಂತೆ ತಡೆಯುವ ಕವಾಟ ಸೇರಿಸಿದರು.

ಡಿಸಿ-10ರ ಇನ್ನೊಂದು ಹಳೆಯ ಕಳಂಕ ಹಿಂಬದಿಯ ಸರಕಿನ ಬಾಗಿಲು. ಪ್ರಯಾಣಿಕರ ಬಾಗಿಲು ಒಳಕ್ಕೆ ಸರಿದು ಚಾವಣಿಗೆ ಏರುವಂಥದ್ದು, ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಸರಕಿನ ಕೋಣೆಯಲ್ಲಿ ಜಾಗ ಉಳಿಸಲೆಂದು ಅಲ್ಲಿಯ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿದರು. ಅಂದರೆ ಒತ್ತಡ ಬಾಗಿಲನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ, ಪೂರ್ತಿ ಭರವಸೆ ಕೊಂಡಿಗಳ ಮೇಲೆ. ವಿದ್ಯುತ್ ಮೋಟಾರ್ ಕೊಂಡಿಗಳನ್ನು ತಿರುಗಿಸಿ ಕೂರಿಸಬೇಕು, ಆಮೇಲೆ ಹೊರಗಿನ ಹಿಡಿಯನ್ನು ಒತ್ತಿದರೆ ಬೀಗದ ಪಿನ್ನುಗಳು ಕೊಂಡಿಗಳ ಹಿಂದೆ ಬಂದು ಅಡ್ಡ ನಿಲ್ಲಬೇಕು. ಕೊಂಡಿ ಪೂರ್ತಿ ಕೂರದಿದ್ದರೆ ಹಿಡಿ ಮುಚ್ಚಲೇಬಾರದು. ಆದರೆ ನಡುವಿನ ಕಡ್ಡಿಗಳು ಮೆತ್ತಗಿದ್ದವು. ಸ್ವಲ್ಪ ಬಲ ಹಾಕಿದರೆ ಅವು ಬಾಗಿ, ಪಿನ್ ಬೀಳದೆಯೇ ಹಿಡಿ ಮುಚ್ಚಿಕೊಳ್ಳುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಬಾಗಿಲು ಭದ್ರ.

1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ಮೇಲೆ ಅಮೆರಿಕನ್ 96ರ ಬಾಗಿಲು ಹಾರಿಹೋಯಿತು. ಕೆಳಗಿನ ಕೋಣೆಯ ಒತ್ತಡ ಒಮ್ಮೆಲೇ ಇಳಿದು ಮೇಲಿನ ನೆಲ ಕುಸಿಯಿತು, ನೆಲದಡಿ ಹೋಗಿದ್ದ ಕಂಟ್ರೋಲ್ ಕೇಬಲ್‌ಗಳು ಸಿಕ್ಕಿಕೊಂಡವು. ವಿಮಾನದಲ್ಲಿ ಜನ ಕಡಿಮೆ ಇದ್ದದ್ದು ಪುಣ್ಯ. ಹಿಂದಿನ ನೆಲದ ಮೇಲೆ ಭಾರ ಇರಲಿಲ್ಲ, ಕೆಲವು ಕೇಬಲ್ ಉಳಿದವು, ಎಲ್ಲರೂ ಬದುಕಿದರು. ಆಗಲೇ ಕಡ್ಡಾಯ ಆದೇಶ ಹೊರಡಬೇಕಿತ್ತು. ಹೊರಡಲಿಲ್ಲ. ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರೂ ಡಗ್ಲಸ್‌ನ ಮುಖ್ಯಸ್ಥರೂ ಫೋನಿನಲ್ಲಿ ಮಾತಾಡಿಕೊಂಡು, ಕಂಪನಿಯೇ ತನ್ನಷ್ಟಕ್ಕೆ ಸರಿಪಡಿಸಲಿ ಎಂದು ಬಿಟ್ಟರು. ಬಾಗಿಲನ್ನು ತಯಾರಿಸುತ್ತಿದ್ದ ಕಾನ್‌ವೇರ್‌ನ ಎಂಜಿನಿಯರ್ ಡ್ಯಾನ್ ಆಪಲ್‌ಗೇಟ್ ಇಂಥದ್ದು ಮತ್ತೆ ನಡೆದೇ ನಡೆಯುತ್ತದೆ ಎಂದು ಅದೇ ತಿಂಗಳು ಬರೆದಿಟ್ಟಿದ್ದರು. 1974ರ ಮಾರ್ಚ್ 3ರಂದು ಪ್ಯಾರಿಸ್ ಹತ್ತಿರ ಟರ್ಕಿಷ್ 981 ಬಿತ್ತು, 346 ಜನ ಸತ್ತರು. ಆ ವಿಮಾನದ ಬಾಗಿಲಿಗೆ ಆಧಾರ ತಗಡು ಹಾಕಿದ್ದಾಗಿದೆ ಎಂದು ಕಾರ್ಖಾನೆಯ ದಾಖಲೆ ಹೇಳುತ್ತಿತ್ತು. ತಗಡು ಇರಲೇ ಇಲ್ಲ. ಬೀಗದ ಕಡ್ಡಿ ಗಟ್ಟಿ ಮಾಡಿದ್ದು, ಒತ್ತಡ ಸಮವಾಗಲು ನೆಲದಲ್ಲಿ ಕಿಂಡಿ ಬಿಟ್ಟದ್ದು, ಎಲ್ಲ ಆಮೇಲಿನ ಮಾತು.

1979ರ ಮೇ 25ರ ಷಿಕಾಗೊ ಅಪಘಾತದ ಮೂಲ ವಿಮಾನಕ್ಕಿಂತ ಮೊದಲು ವರ್ಕ್‌ಶಾಪಿನಲ್ಲಿದೆ. ಮೊದಲು ಎಂಜಿನ್ ಇಳಿಸಿ, ಆಮೇಲೆ ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನ್ ಬಿಚ್ಚಬೇಕು ಎಂಬುದು ತಯಾರಕರ ಕ್ರಮ. ಎರಡನ್ನೂ ಒಟ್ಟಿಗೇ ಫೋರ್ಕ್‌ಲಿಫ್ಟ್‌ನಲ್ಲಿ ಇಳಿಸಿದರೆ ಬಿಚ್ಚಬೇಕಾದ ಜೋಡಣೆಗಳು 79ರಿಂದ 27ಕ್ಕೆ ಇಳಿಯುತ್ತವೆ, ವಿಮಾನವೊಂದಕ್ಕೆ ಸುಮಾರು 200 ಆಳು-ಗಂಟೆ ಉಳಿಯುತ್ತದೆ. ಅಮೆರಿಕನ್ ಏರ್‌ಲೈನ್ಸ್ ಆ ದಾರಿ ಹಿಡಿಯಿತು. ಫೋರ್ಕ್‌ಲಿಫ್ಟ್ ಒಂದು ಚೂರು ಜರುಗಿದರೂ ಪೈಲಾನಿನ ಹಿಂದಿನ ತಡಿಕೆಯ ಅಂಚು ರೆಕ್ಕೆಯ ಕೊಂಡಿಗೆ ತಾಗಿ ಬಿರಿಯುತ್ತದೆ. ಬಿರಿಯಿತು. ಅಮೆರಿಕನ್ 191 ನೆಲ ಬಿಡುವಾಗ ಎಡ ಎಂಜಿನ್ ಪೈಲಾನ್ ಸಮೇತ ಕಿತ್ತುಬಂದು, ರೆಕ್ಕೆಯ ಮುಂದಂಚಿನ ಹೈಡ್ರಾಲಿಕ್ ಪೈಪುಗಳನ್ನೂ ಹರಿದುಕೊಂಡು ಹೋಯಿತು.

ವಿನ್ಯಾಸದ ಹೊಣೆ ಶುರುವಾಗುವುದು ಈ ಹಂತದಲ್ಲಿ. ಡಿಸಿ-10ರ ಸ್ಲ್ಯಾಟ್‌ಗಳನ್ನು (ಎತ್ತುವ ಶಕ್ತಿ ಹೆಚ್ಚಿಸಲು ರೆಕ್ಕೆಯ ಮುಂದಂಚಿನಿಂದ ಹೊರಚಾಚುವ ಫಲಕಗಳನ್ನು) ಚಾಚಿದ ಜಾಗದಲ್ಲೇ ಹಿಡಿಯುವ ಯಾಂತ್ರಿಕ ಬೀಗ ಇರಲಿಲ್ಲ. ಎಣ್ಣೆ ಹೋದೊಡನೆ ಎಡಗಡೆಯ ಹೊರ ಸ್ಲ್ಯಾಟ್‌ಗಳು ಗಾಳಿಯ ಒತ್ತಿಗೆ ಒಳಸರಿದವು. ಈಗ ಎಡ ರೆಕ್ಕೆ 159 ನಾಟ್ ವೇಗದಲ್ಲೇ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಥಿತಿ. ಒಂದು ಎಂಜಿನ್ ಹೋದಾಗ ಪಾಲಿಸಬೇಕಾದ ವೇಗ ಎಂದು ಪುಸ್ತಕ ಹೇಳುತ್ತಿದ್ದದ್ದು 153. ಪೈಲಟ್‌ಗಳು ಪುಸ್ತಕದಂತೆ ವೇಗ ಇಳಿಸಿದರು. ಅವರನ್ನು ಎಚ್ಚರಿಸಬೇಕಿದ್ದ ಉಪಕರಣಗಳಿಗೆ ವಿದ್ಯುತ್ ಬರುತ್ತಿದ್ದದ್ದು ಉದುರಿಹೋದ ಎಂಜಿನ್ನಿನ ಜನರೇಟರ್‌ನಿಂದ. ವಿಮಾನದಲ್ಲಿದ್ದ 271 ಜನ, ನೆಲದ ಮೇಲಿದ್ದ ಇಬ್ಬರು ಸತ್ತರು. ಡಿಸಿ-10ರ ಹಾರಾಟವನ್ನೇ ಅಮೆರಿಕದಲ್ಲಿ ಐದು ವಾರಗಳಿಗೂ ಹೆಚ್ಚು ಕಾಲ ನಿಲ್ಲಿಸಿದರು.

ಟ್ರೈಸ್ಟಾರ್ ಕಡೆಗೆ ಬಂದರೆ ಹಾರಿಸುವವರ ಸುಖವೇ ಬೇರೆ. ಬಾಲದ ಅಡ್ಡ ರೆಕ್ಕೆ ಪೂರ್ತಿಯಾಗಿ ಒಂದೇ ತುಂಡಾಗಿ ತಿರುಗುತ್ತದೆ, ಎಲಿವೇಟರ್ (ಅದರ ಹಿಂದಂಚಿನ ಫಲಕ) ಅದಕ್ಕೆ ಜೋಡಿಸಿಕೊಂಡು ಹಿಂಬಾಲಿಸುತ್ತದೆ. ಇಳಿಯುವಾಗಿನ ನೇರ ಎತ್ತುಶಕ್ತಿ ನಿಯಂತ್ರಣ ಇದರ ಹೆಮ್ಮೆ. ಫ್ಲಾಪ್ ಪೂರ್ತಿ ಇಳಿಸಿದ ಮೇಲೆ ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳು ಕೆಲವು ಡಿಗ್ರಿ ತಾವಾಗಿಯೇ ಎದ್ದು ನಿಲ್ಲುತ್ತವೆ. ಪೈಲಟ್ ಕೋಲು ಎಳೆದರೆ ಅವು ತಗ್ಗುತ್ತವೆ, ಎತ್ತು ಹೆಚ್ಚುತ್ತದೆ. ನೂಕಿದರೆ ಏಳುತ್ತವೆ, ಎತ್ತು ತಗ್ಗುತ್ತದೆ. ಮೂಗು ಮೇಲೆ ಕೆಳಗೆ ತೂಗದೆ ವಿಮಾನ ಇಳಿಜಾರಿನ ಗೆರೆ ಹಿಡಿದು ಬರುತ್ತದೆ. ರೆಕ್ಕೆಯ ಹಿಂದೆ ಕೂತವರಿಗೆ ಆ ಫಲಕಗಳು ಒಂದೇ ಸಮನೆ ಮಿಡುಕುವುದು ಕಾಣುತ್ತಿತ್ತು. ಏನೋ ಸಡಿಲವಾಗಿದೆ ಎಂದು ಹೆದರಿದವರಿಗೆ ಲೆಕ್ಕವಿರಲಾರದು. ಮಂಜಿನಲ್ಲಿ ಕಣ್ಣಿಗೇನೂ ಕಾಣದಿದ್ದರೂ ತಾನೇ ಇಳಿಯುವ ಸಾಮರ್ಥ್ಯದಲ್ಲೂ ಇದು ಮುಂದಿತ್ತು. 1972ರ ಮೇ 25ರಂದು ಪಾಮ್‌ಡೇಲ್‌ನಿಂದ ವಾಷಿಂಗ್ಟನ್ ಡಲ್ಲೆಸ್‌ವರೆಗೆ, ಏರುವುದರಿಂದ ಇಳಿಯುವವರೆಗೆ, ಪೂರ್ತಿ ಯಾಂತ್ರಿಕವಾಗಿಯೇ ಹಾರಿ ತೋರಿಸಿತು.

ಹಾಗೆಂದು ಟ್ರೈಸ್ಟಾರ್ ನಿಷ್ಕಳಂಕವಲ್ಲ. 1972ರ ಡಿಸೆಂಬರ್ 29ರಂದು ಈಸ್ಟರ್ನ್ 401ರ ಮುಂಚಕ್ರದ ಸೂಚನಾ ಬಲ್ಬ್ ಸುಟ್ಟಿತ್ತು. ಕಾಕ್‌ಪಿಟ್‌ನವರೆಲ್ಲ ಆ ಬಲ್ಬ್‌ನಲ್ಲಿ ಮುಳುಗಿದ್ದಾಗ ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ, ವಿಮಾನ ಮಯಾಮಿ ಪಕ್ಕದ ಜೌಗಿಗೆ ಇಳಿದುಹೋಯಿತು. 1983ರ ಮೇ 5ರ ಈಸ್ಟರ್ನ್ 855 ದುರಸ್ತಿ ಕೆಲಸದವರು ನೆನಪಿಡಬೇಕಾದ ಪಾಠ. ಎಂಜಿನ್ ಎಣ್ಣೆಯಲ್ಲಿ ಲೋಹದ ಚೂರು ಬಂದಿದೆಯೇ ಎಂದು ನೋಡುವ ಚಿಪ್ ಡಿಟೆಕ್ಟರ್‌ಗೆ ಎರಡು ರಬ್ಬರ್ ಒ-ರಿಂಗ್ ಬೇಕು. ಸಾಮಾನ್ಯವಾಗಿ ರಿಂಗ್ ಹಾಕಿಯೇ ಇಟ್ಟ ಡಿಟೆಕ್ಟರ್ ಸಿಗುತ್ತಿತ್ತು, ಆ ರಾತ್ರಿ ಸಿಕ್ಕದ್ದು ಬರಿಯವು. ಮೂರೂ ಎಂಜಿನ್ನಿಗೆ ಅವನ್ನೇ ಹಾಕಿದರು. ಸೋರಿಕೆ ನೋಡಲು ಎಂಜಿನ್ ತಿರುಗಿಸಿದ್ದು ಸೆಕೆಂಡುಗಳ ಲೆಕ್ಕ, ಅಷ್ಟರಲ್ಲಿ ಎಣ್ಣೆ ಹೊರಬರಲಿಲ್ಲ. ಮಯಾಮಿಯಿಂದ ನಸ್ಸಾವಿಗೆ ಹೊರಟ ವಿಮಾನದಲ್ಲಿ ಮೊದಲು ನಡುವಿನ ಎಂಜಿನ್ನಿನ ಎಣ್ಣೆ ಇಳಿಯಿತು, ಅದನ್ನು ನಿಲ್ಲಿಸಿ ಹಿಂದಿರುಗಿದರು. ಅಷ್ಟರಲ್ಲಿ ಉಳಿದೆರಡರ ಮುಳ್ಳೂ ಸೊನ್ನೆಗೆ ಬಂತು. ಮೂರೂ ಒಟ್ಟಿಗೆ ಕೆಡುವುದುಂಟೇ, ಮೀಟರೇ ಕೆಟ್ಟಿರಬೇಕು ಎಂದುಕೊಂಡರು. ಎರಡೂ ನಿಂತವು. ಸುಮಾರು 4,000 ಅಡಿಯಲ್ಲಿ ನಡುವಿನ ಎಂಜಿನ್ ಮತ್ತೆ ಹತ್ತಿಕೊಂಡಿತು, ಅದರಲ್ಲೇ ಇಳಿದರು. ಎಲ್ಲ ಎಂಜಿನ್‌ಗಳಿಗೂ ಒಂದೇ ಕೈ, ಒಂದೇ ಪಾಳಿಯಲ್ಲಿ, ಒಂದೇ ಕೆಲಸ ಮಾಡಬಾರದು ಎಂಬ ಎಚ್ಚರಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇಷ್ಟು ಒಳ್ಳೆಯ ವಿಮಾನದ ತಯಾರಿ 250ಕ್ಕೇ ನಿಂತದ್ದೇಕೆ? ಎಂಜಿನ್. ಆರ್‌ಬಿ211ಕ್ಕೆ ಮೊದಲು ಯೋಜಿಸಿದ್ದ ಕಾರ್ಬನ್ ನಾರಿನ ಫ್ಯಾನ್ ಅಲಗು ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಪುಡಿಯಾಯಿತು, ಟೈಟಾನಿಯಂಗೆ ಬದಲಾಯಿಸಬೇಕಾಯಿತು. ಖರ್ಚು ಏರಿ 1971ರ ಫೆಬ್ರವರಿ 4ರಂದು ರೋಲ್ಸ್ ರಾಯ್ಸ್ ದಿವಾಳಿಯೆದ್ದಿತು, ಬ್ರಿಟಿಷ್ ಸರ್ಕಾರ ವಹಿಸಿಕೊಂಡಿತು. ಲಾಕ್‌ಹೀಡ್ ಉಳಿಯಲು ಅಮೆರಿಕ ಸರ್ಕಾರ 25 ಕೋಟಿ ಡಾಲರ್ ಸಾಲಕ್ಕೆ ಖಾತರಿ ಕೊಟ್ಟಿತು, ಸೆನೆಟ್‌ನಲ್ಲಿ ಅದು ಗೆದ್ದದ್ದು ಒಂದೇ ಮತದಿಂದ. ಡಿಸಿ-10 1971ರ ಆಗಸ್ಟ್‌ನಲ್ಲೇ ಜನರನ್ನು ಹೊತ್ತಿತು, ಟ್ರೈಸ್ಟಾರ್ 1972ರ ಏಪ್ರಿಲ್‌ನಲ್ಲಿ. ಆ ಎಂಟು ತಿಂಗಳಾದರೂ ಹೋಗಲಿ. ಡಗ್ಲಸ್ ಬೇಗನೆ ಖಂಡಾಂತರ ಹಾರುವ 30ನೇ ಸರಣಿ ಮುಂದಿಟ್ಟಿತು. ಲಾಕ್‌ಹೀಡ್‌ಗೆ ನಿಜವಾಗಿ ದೂರ ಹಾರುವ ಗಿಡ್ಡ ಒಡಲಿನ 500ನೇ ಸರಣಿಯನ್ನು ಕೊಡಲಾದದ್ದು 1979ರಲ್ಲಿ. ಯುರೋಪಿನ ದೊಡ್ಡ ಕಂಪನಿಗಳು ಅಷ್ಟರಲ್ಲಿ ಡಿಸಿ-10 ಕೊಂಡಾಗಿತ್ತು. ಟ್ರೈಸ್ಟಾರ್ ಮಾರಲು ಕೊಟ್ಟ ಲಂಚದ ಪ್ರಕರಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಕಾಕುಯೇ ತನಾಕಾ 1976ರಲ್ಲಿ ಬಂಧನಕ್ಕೊಳಗಾದರು. ಲಾಕ್‌ಹೀಡ್ ಪ್ರಯಾಣಿಕ ವಿಮಾನದ ಉದ್ಯಮವನ್ನೇ ಬಿಟ್ಟಿತು. ಡಿಸಿ-10 ಮಿಲಿಟರಿಯ ಇಂಧನ ಟ್ಯಾಂಕರ್‌ಗಳೂ ಸೇರಿ 446 ತಯಾರಾದವು.

ಒಳಗೆ ಕೂತವರ ದೃಷ್ಟಿಯಿಂದ ಇವೆರಡರ ನಡುವೆ ಅಂತರ ಕಡಿಮೆ. ಎರಡರ ಒಡಲೂ ಸುಮಾರು 6 ಮೀಟರ್ ಅಗಲ. ಮೊದಮೊದಲು ಸಾಲಿಗೆ 8 ಸೀಟು, ಎರಡು-ನಾಲ್ಕು-ಎರಡು. ಆಮೇಲೆ ದುರಾಸೆಯಿಂದ 9 ತುರುಕಿದರು, ಐದರ ಸಾಲಿನ ನಟ್ಟನಡುವೆ ಸಿಕ್ಕವರಿಗೆ ಎರಡೂ ಕಡೆ ಇಬ್ಬಿಬ್ಬರನ್ನು ದಾಟಬೇಕಾದ ಶಿಕ್ಷೆ. ಟ್ರೈಸ್ಟಾರ್‌ನ ಅಡುಗೆಕೋಣೆ ಕೆಳ ಅಂತಸ್ತಿನಲ್ಲಿ, ಊಟದ ಗಾಡಿ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಇದರಿಂದ ಮೇಲೆ ಸೀಟಿಗೆ ಜಾಗ ಸಿಕ್ಕಿತು, ಆದರೆ ಸರಕಿನ ಜಾಗ ಹೋಯಿತು. ಕೆಲವು ಡಿಸಿ-10ರಲ್ಲೂ ಇದೇ ಏರ್ಪಾಡು ಇತ್ತು. ಆಯ್ಕೆ ಇದ್ದರೆ ಎರಡರಲ್ಲೂ ಮುಂದಿನ ಸಾಲೇ ಸರಿ, ಹಿಂದೆ ಹೋದಷ್ಟೂ ಬಾಲದ ಎಂಜಿನ್ನಿನ ಗುಂಯ್ ಹೆಚ್ಚು.

ಏರ್ ಇಂಡಿಯಾ ಈ ವಿಮಾನಗಳನ್ನು ಕೊಳ್ಳಲಿಲ್ಲ, 747 ಮತ್ತು ಏರ್‌ಬಸ್‌ನ ದಾರಿ ಹಿಡಿಯಿತು. ಆದರೂ ನಮ್ಮ ಕರಾವಳಿಯ ಒಂದು ತಲೆಮಾರಿಗೆ ಟ್ರೈಸ್ಟಾರ್ ಅಪರಿಚಿತವಲ್ಲ. ಗಲ್ಫ್ ಏರ್ 1976ರಿಂದ ಟ್ರೈಸ್ಟಾರ್ ಇಟ್ಟುಕೊಂಡಿತ್ತು. ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯವರು ರಾತ್ರಿ ಬಸ್ಸಿನಲ್ಲಿ ಬೊಂಬಾಯಿ ಸೇರಿ, ವೀಸಾ ಕಾಗದ ಹಿಡಿದು ವಿಮಾನ ಹತ್ತಬೇಕಿತ್ತು. ಆ ಕಾಲದ ಮನೆಯ ಆಲ್ಬಮ್ಮಿನಲ್ಲಿ ಬಾಲದ ಮೇಲೆ ಬಂಗಾರದ ಗಿಡುಗ, ಫಿನ್‌ನ ಮುಂದೆ ಗಾಳಿಯ ಬಾಯಿ ಇರುವ ವಿಮಾನ ಕಂಡರೆ ಅದು ಟ್ರೈಸ್ಟಾರ್.

ಎಂಡಿ-11 1990ರ ಜನವರಿ 10ರಂದು ಹಾರಿತು. ಡಿಸಿ-10ಕ್ಕಿಂತ ಸುಮಾರು 5.7 ಮೀಟರ್ ಉದ್ದ, ರೆಕ್ಕೆಯ ತುದಿಗೆ ವಿಂಗ್‌ಲೆಟ್, ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್ ಇಲ್ಲದೆ ಇಬ್ಬರೇ. ಇಂಧನ ಉಳಿಸಲೆಂದು ಬಾಲದ ಅಡ್ಡ ರೆಕ್ಕೆಯನ್ನು ಸುಮಾರು ಶೇ 30ರಷ್ಟು ಕಿರಿದು ಮಾಡಿದರು, ಅದರೊಳಗೆ ಇಂಧನ ತುಂಬಿ ಭಾರದ ನಡುಬಿಂದುವನ್ನು ಹಿಂದಕ್ಕೆ ಒಯ್ದರು. ಇದರಿಂದ ತಪ್ಪಿದ ಸ್ಥಿರತೆಯನ್ನು ಕಂಪ್ಯೂಟರ್ ಸರಿದೂಗಿಸಬೇಕು. ಮೇಲೆ ಹಾರುವಾಗ ಇದು ನಡೆಯುತ್ತದೆ. ಇಳಿಯುವಾಗ ಬೆಲೆ ತೆರಬೇಕು. ಭಾರವಿದ್ದಾಗ ಇಳಿಯುವ ವೇಗ ಬೇರೆ ವಿಮಾನಗಳಿಗಿಂತ ಹೆಚ್ಚು, ನೆಲ ಮುಟ್ಟಿ ಸ್ಪಾಯ್ಲರ್ ಎದ್ದಾಗ ಮೂಗು ಮೇಲೆ ನೆಗೆಯುವ ಚಾಳಿ. ಪೈಲಟ್ ಕೋಲು ಜೋರಾಗಿ ನೂಕಿದರೆ ಮೂಗು ಕುಸಿದು ವಿಮಾನ ಪುಟಿಯುತ್ತದೆ, ಎರಡನೇ ಪುಟಿತ ಮೊದಲಿಗಿಂತ ಗಡುಸು. ಮುಖ್ಯ ಚಕ್ರದ ಕಾಲು ರೆಕ್ಕೆಯ ಸ್ಪಾರನ್ನು ಮುರಿದರೆ ವಿಮಾನ ಮಗುಚುತ್ತದೆ. 1997ರಲ್ಲಿ ನೂವರ್ಕ್, 1999ರಲ್ಲಿ ಹಾಂಗ್‌ಕಾಂಗ್, 2009ರಲ್ಲಿ ನರೀಟಾ: ಮೂರೂ ಕಡೆ ಎಂಡಿ-11 ತಲೆಕೆಳಗಾಯಿತು. ಪುಟಿದಾಗ ಮೂಗನ್ನು ಒತ್ತಲು ಹೋಗಬಾರದು. ಅಲ್ಲಾಡದಂತೆ ಹಿಡಿದು, ಥ್ರಾಟಲ್ ಕೊಟ್ಟು ಮತ್ತೆ ಏರಿಬಿಡುವುದೇ ಸರಿ.

ಹೇಳಿದಷ್ಟು ದೂರ ಹಾರದ್ದರಿಂದ ಸಿಂಗಪುರ್ ಏರ್‌ಲೈನ್ಸ್ ಆರ್ಡರ್ ಕೈಬಿಟ್ಟಿತು. ಎರಡು ಎಂಜಿನ್ನಿನವಕ್ಕೆ ಸಾಗರ ದಾಟಲು 1985ರಿಂದ 120 ನಿಮಿಷ, 1988ರಿಂದ 180 ನಿಮಿಷದ ಅನುಮತಿ ಸಿಕ್ಕಮೇಲೆ ಮೂರನೇ ಎಂಜಿನ್ ಬರೀ ಖರ್ಚಾಯಿತು. 200 ಎಂಡಿ-11ಕ್ಕೆ ಕಾರ್ಖಾನೆ ಮುಚ್ಚಿತು. ಕೆಎಲ್‌ಎಂನ ಕೊನೆಯ ಪ್ರಯಾಣಿಕ ಸೇವೆ 2014ರ ಅಕ್ಟೋಬರ್ 26ಕ್ಕೆ ಮುಗಿಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಬಿಮಾನ್ ತನ್ನ ಕೊನೆಯ ಡಿಸಿ-10ನ್ನು ಢಾಕಾದಿಂದ ಬರ್ಮಿಂಗ್‌ಹ್ಯಾಮ್‌ಗೆ ಹಾರಿಸಿ, ಅಲ್ಲಿ ವಿಮಾನಪ್ರಿಯರಿಗೆಂದೇ ಬೀಳ್ಕೊಡುಗೆ ಸುತ್ತುಗಳನ್ನು ಇಟ್ಟಿತ್ತು. ಸರಕಿನಲ್ಲಿ ಮಾತ್ರ ಎಂಡಿ-11 ಉಳಿದುಕೊಂಡಿತು, ಮೇಲಿನ ಅಂತಸ್ತಿನಲ್ಲೇ 26 ಪ್ಯಾಲೆಟ್ ಹಿಡಿಯುವ ವಿಮಾನ ಅಗ್ಗದಲ್ಲಿ ಬೇರೆಲ್ಲಿ ಸಿಗುತ್ತದೆ? ಆದರೆ 2025ರ ನವೆಂಬರ್ 4ರಂದು ಲೂಯಿವಿಲ್‌ನಲ್ಲಿ ಯುಪಿಎಸ್‌ನ ಎಂಡಿ-11 ನೆಲ ಬಿಡುವಾಗ ಎಡ ಎಂಜಿನ್ ಪೈಲಾನ್ ಸಮೇತ ಕಳಚಿತು. ಅಮೆರಿಕದ ನಿಯಂತ್ರಕರು ಎಂಡಿ-11ರ ಹಾರಾಟ ತಡೆದರು, ಕೆಲವೇ ದಿನಗಳಲ್ಲಿ ಡಿಸಿ-10ಕ್ಕೂ ಅದೇ ಆದೇಶ ಹಬ್ಬಿಸಿದರು. ಕಾಡ್ಗಿಚ್ಚಿನ ಮೇಲೆ ಒಂದೇ ಸಲಕ್ಕೆ ಸುಮಾರು 35,000 ಲೀಟರ್ ಸುರಿಯುವ ಡಿಸಿ-10 ಟ್ಯಾಂಕರ್‌ಗಳೂ ಆ ಆದೇಶದೊಳಗೆ ಬಂದವು.

ಟ್ರೈಸ್ಟಾರ್‌ಗಳಲ್ಲಿ ಹಾರಲು ಉಳಿದದ್ದು ಒಂದೇ, ಏರ್ ಕೆನಡಾದಲ್ಲಿ ಪ್ರಯಾಣಿಕರನ್ನು ಹೊತ್ತಿದ್ದ ಸ್ಟಾರ್‌ಗೇಜರ್. ಅದರ ಹೊಟ್ಟೆಯಡಿ ಪೆಗಾಸಸ್ ರಾಕೆಟ್ ತೂಗುಹಾಕಿ ಸುಮಾರು 40,000 ಅಡಿಯಲ್ಲಿ ಬಿಡುತ್ತಾರೆ, ಅಲ್ಲಿಂದ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಒಯ್ಯುತ್ತದೆ. 2021ರ ಜೂನ್‌ನಲ್ಲೂ ಹೀಗೊಂದು ಉಡಾವಣೆ ಮಾಡಿತು.